ಗ್ಲೂಕೋಸ್ ವಿಘಟನೆಯನ್ನು ಕಿಣ್ವಗಳು ನಿಯಂತ್ರಿಸುವ ಬಗೆ: ಹಂತ ಹಂತವಾಗಿ ಓದಲು ಒಂದು ಮಾರ್ಗದರ್ಶಿ

ಜೀವರಸಾಯನಶಾಸ್ತ್ರವನ್ನು ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಗ್ಲೂಕೋಸನ್ನು ಒಡೆಯುವ ಹತ್ತು ಕ್ರಿಯೆಗಳ ಹೆಸರುಗಳನ್ನು ಹೇಗೋ ನೆನಪಿಟ್ಟುಕೊಳ್ಳಬಹುದು. ಆದರೆ ಯಾವ ಕಿಣ್ವವನ್ನು ಯಾವ ಅಣು ತಡೆಯುತ್ತದೆ, ಯಾವುದು ಚುರುಕುಗೊಳಿಸುತ್ತದೆ ಎಂಬ ಪಟ್ಟಿ ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ, ಏನು ಮಾಡಬೇಕು? ಆ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ ಎಂಬುದೇ ನನ್ನ ಉತ್ತರ. ನಿಯಂತ್ರಣಕ್ಕೆ ಒಳಪಟ್ಟ ಪ್ರತಿಯೊಂದು ಕ್ರಿಯೆಯ ಬಳಿ ನಿಂತು, ಇಲ್ಲಿ ಜೀವಕೋಶಕ್ಕೆ ಯಾವ ಸುದ್ದಿ ತಿಳಿಯಬೇಕಾಗಿದೆ ಎಂದು ಕೇಳಿಕೊಂಡರೆ ಪಟ್ಟಿಯ ಬಹುಪಾಲನ್ನು ನೀವೇ ಊಹಿಸಿ ಬರೆಯಬಲ್ಲಿರಿ. ಹಾಗೆ ಊಹಿಸುವುದನ್ನು ಕಲಿಸುವುದಕ್ಕಾಗಿಯೇ ಈ ಲೇಖನವಿದೆ.

ಮೊದಲು ಬೇಕಾಗುವುದು

ಗ್ಲೈಕಾಲಿಸಿಸ್‌ನ ಒಂದು ನಕ್ಷೆ, ಅಂದರೆ ಗ್ಲೂಕೋಸಿನಿಂದ ಪೈರುವೇಟ್‌ವರೆಗಿನ ಹತ್ತು ಕ್ರಿಯೆಗಳನ್ನು ತೋರಿಸುವ ಯಾವುದೇ ಚಿತ್ರ, ಒಂದು ದೊಡ್ಡ ಹಾಳೆ, ಎರಡು ಬಣ್ಣದ ಪೆನ್ನು ಇದ್ದರೆ ಸಾಕು. ಒಂದು ಬಣ್ಣ ತಡೆಗೆ, ಇನ್ನೊಂದು ಉತ್ತೇಜನಕ್ಕೆ. ಸಣ್ಣ ಲೆಕ್ಕವೊಂದನ್ನು ಮಾಡಲಿಕ್ಕಿರುವುದರಿಂದ ಕ್ಯಾಲ್ಕುಲೇಟರ್ ಹತ್ತಿರವಿರಲಿ.

ಮುಂದೆ ಪದೇ ಪದೇ ಬರುವ ಕೆಲವು ಪದಗಳನ್ನು ಇಲ್ಲಿಯೇ ಬಿಡಿಸಿಕೊಳ್ಳೋಣ. ಕಿಣ್ವವು ಯಾವ ಅಣುವಿನ ಮೇಲೆ ಕೆಲಸ ಮಾಡುತ್ತದೆಯೋ ಅದನ್ನು ತಲಾಧಾರ ಎನ್ನುತ್ತೇವೆ. ತಲಾಧಾರ ಬಂದು ಕೂರುವ ಕಿಣ್ವದ ಕುಳಿಯೇ ಸಕ್ರಿಯ ತಾಣ. ಈ ತಾಣದಿಂದ ದೂರದಲ್ಲಿ ಬೇರೊಂದು ಅಣು ಬಂದು ಅಂಟಿಕೊಂಡು, ಕಿಣ್ವದ ಆಕಾರವನ್ನೇ ತುಸು ಬದಲಿಸಿ, ಅದರ ವೇಗವನ್ನು ಏರಿಸುವ ಇಲ್ಲವೇ ಇಳಿಸುವ ವಿಧಾನಕ್ಕೆ ಅಲೋಸ್ಟೀರಿಕ್ ನಿಯಂತ್ರಣವೆಂದು ಹೆಸರು. ಈ ಕಲ್ಪನೆಯನ್ನು ಮೊನೊ, ಶಾಂಜ್ಯೂ ಮತ್ತು ಜಾಕೊಬ್ 1963ರಲ್ಲಿ ವಿವರವಾಗಿ ಮಂಡಿಸಿದರು. ಕ್ರಿಯಾಸರಣಿಯಲ್ಲಿ ಪ್ರತಿ ಕ್ಷಣ ಎಷ್ಟು ಅಣುಗಳು ಮುಂದೆ ಸಾಗುತ್ತಿವೆ ಎಂಬುದನ್ನು ಈ ಲೇಖನದಲ್ಲಿ ಹರಿವು ಎಂದು ಕರೆಯುತ್ತೇನೆ. ಎಟಿಪಿ ಎಂದರೆ ಕೋಶದ ಶಕ್ತಿವಾಹಕ ಅಣು. ಅದರಿಂದ ಒಂದು ಫಾಸ್ಫೇಟ್ ಹೋದರೆ ಎಡಿಪಿ, ಎರಡು ಹೋದರೆ ಎಎಂಪಿ ಉಳಿಯುತ್ತದೆ.

ಹಂತ 1: ನಕ್ಷೆಯ ಮೇಲೆ ಲೆಕ್ಕ ಬರೆಯಿರಿ

ನಿಯಂತ್ರಣದ ಮಾತಿಗೆ ಹೋಗುವ ಮುನ್ನ ಎಲ್ಲಿ ಖರ್ಚು, ಎಲ್ಲಿ ಗಳಿಕೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಮೊದಲನೆಯ ಕ್ರಿಯೆಯಲ್ಲಿ ಹೆಕ್ಸೋಕೈನೇಸ್ ಮತ್ತು ಮೂರನೆಯದರಲ್ಲಿ ಫಾಸ್ಫೋಫ್ರಕ್ಟೋಕೈನೇಸ್-1 ತಲಾ ಒಂದು ಎಟಿಪಿಯನ್ನು ಖರ್ಚು ಮಾಡುತ್ತವೆ. ನಾಲ್ಕನೆಯ ಕ್ರಿಯೆಯಲ್ಲಿ ಆರು ಇಂಗಾಲದ ಅಣು ಮೂರು ಇಂಗಾಲದ ಎರಡು ಅಣುಗಳಾಗಿ ಸೀಳುವುದರಿಂದ, ಅಲ್ಲಿಂದ ಮುಂದಿನ ಗಳಿಕೆಯೆಲ್ಲ ದುಪ್ಪಟ್ಟು. ಏಳನೆಯ ಮತ್ತು ಹತ್ತನೆಯ ಕ್ರಿಯೆಗಳಲ್ಲಿ ಎರಡೆರಡು ಎಟಿಪಿ ಹುಟ್ಟುತ್ತವೆ, ಆರನೆಯದರಲ್ಲಿ ಎಲೆಕ್ಟ್ರಾನುಗಳನ್ನು ಹೊತ್ತ ಎರಡು ವಾಹಕ ಅಣುಗಳು, ಅಂದರೆ ಎರಡು ಎನ್‌ಎಡಿಎಚ್. ಖರ್ಚು ಕಳೆದು ಒಂದು ಗ್ಲೂಕೋಸಿಗೆ ಉಳಿಯುವುದು 2 ಎಟಿಪಿ, 2 ಎನ್‌ಎಡಿಎಚ್ ಮತ್ತು 2 ಪೈರುವೇಟ್. ಇಷ್ಟೂ ನಡೆಯುವುದು ಕೋಶದ್ರವದಲ್ಲಿ. ಮೈಟೋಕಾಂಡ್ರಿಯದ ಕೆಲಸ ಪೈರುವೇಟ್ ಆದ ಮೇಲಿನದು.

ಈ ಲೆಕ್ಕವನ್ನು ಬರೆಯದೆ ಮುಂದೆ ಹೋಗಬೇಡಿ. ಖರ್ಚು ಮೊದಲು, ಗಳಿಕೆ ನಂತರ ಎಂಬ ಈ ಕ್ರಮದಿಂದಾಗಿಯೇ ಆರಂಭದ ಕ್ರಿಯೆಗಳಿಗೆ ಕಡಿವಾಣವಿಲ್ಲದಿದ್ದರೆ ಕೋಶವು ತನ್ನ ಎಟಿಪಿಯನ್ನೆಲ್ಲ ಸಕ್ಕರೆಗೆ ಫಾಸ್ಫೇಟ್ ಅಂಟಿಸುವುದರಲ್ಲೇ ಕಳೆದುಕೊಳ್ಳುವ ಅಪಾಯವಿರುತ್ತದೆ.

ಹಂತ 2: ಏಕಮುಖ ಕ್ರಿಯೆಗಳನ್ನು ಬೇರ್ಪಡಿಸಿ

ಹತ್ತು ಕ್ರಿಯೆಗಳೂ ನಿಯಂತ್ರಣಕ್ಕೆ ಸಮಾನವಾಗಿ ಯೋಗ್ಯವಲ್ಲ. ಯಾವುದು ಯೋಗ್ಯ ಎಂದು ತಿಳಿಯಲು ಮುಕ್ತ ಶಕ್ತಿಯ ವ್ಯತ್ಯಾಸವನ್ನು, ಅಂದರೆ ಕ್ರಿಯೆಯೊಂದು ಮುಂದಕ್ಕೆ ಸಾಗುವಾಗ ಎಷ್ಟು ಶಕ್ತಿ ಇಳಿಯುತ್ತದೆ ಎಂಬುದನ್ನು ನೋಡಬೇಕು. ಕೆಂಪು ರಕ್ತಕಣದೊಳಗಿನ ನಿಜವಾದ ಸಾಂದ್ರತೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಹೆಕ್ಸೋಕೈನೇಸ್ ಕ್ರಿಯೆಯಲ್ಲಿ ಮೋಲ್ ಒಂದಕ್ಕೆ ಸುಮಾರು 33 ಕಿಲೋಜೌಲ್, ಫಾಸ್ಫೋಫ್ರಕ್ಟೋಕೈನೇಸ್-1ರಲ್ಲಿ ಸುಮಾರು 22, ಪೈರುವೇಟ್ ಕೈನೇಸಿನಲ್ಲಿ ಸುಮಾರು 17 ಕಿಲೋಜೌಲ್ ಇಳಿಕೆ ಸಿಗುತ್ತದೆ. ಉಳಿದ ಏಳು ಕ್ರಿಯೆಗಳ ಮೌಲ್ಯ ಸೊನ್ನೆಯ ಆಸುಪಾಸಿನಲ್ಲಿದೆ. ಅವು ಸಮತೋಲನಕ್ಕೆ ಹತ್ತಿರವಿದ್ದು, ಸಾಂದ್ರತೆ ಸ್ವಲ್ಪ ಬದಲಾದರೂ ಮುಂದಕ್ಕೂ ಹಿಂದಕ್ಕೂ ಸುಲಭವಾಗಿ ವಾಲುತ್ತವೆ.

ಕಾಲುವೆಯಲ್ಲಿ ತೂಬಿನ ಎರಡೂ ಬದಿಯ ನೀರಿನ ಮಟ್ಟ ಒಂದೇ ಆಗಿದ್ದರೆ ಬಾಗಿಲನ್ನು ಎಷ್ಟು ಎತ್ತಿದರೂ ಹರಿವು ಹೆಚ್ಚದು. ಮಟ್ಟದಲ್ಲಿ ದೊಡ್ಡ ಅಂತರವಿರುವ ಕಡೆ ಮಾತ್ರ ತೂಬು ತೆರೆದು ಮುಚ್ಚುವುದಕ್ಕೆ ಅರ್ಥವಿದೆ. ಸಮತೋಲನಕ್ಕೆ ಹತ್ತಿರವಿರುವ ಕಿಣ್ವದ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಮುಂದಿನ ಮತ್ತು ಹಿಂದಿನ ಕ್ರಿಯೆಗಳೆರಡೂ ದುಪ್ಪಟ್ಟಾಗುತ್ತವೆ, ನಿವ್ವಳ ಹರಿವು ಬಹುತೇಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಒಂದು, ಮೂರು ಮತ್ತು ಹತ್ತನೆಯ ಬಾಣಗಳನ್ನು ದಪ್ಪ ಮಾಡಿ. ಉಳಿದ ಏಳನ್ನು ನಿಯಂತ್ರಣದ ದೃಷ್ಟಿಯಿಂದ ಸದ್ಯಕ್ಕೆ ಬಿಡಬಹುದು.

ಇಲ್ಲಿ ಎಡವುವವರು ಬಹಳ. ಪುಸ್ತಕದ ಕೋಷ್ಟಕದಲ್ಲಿರುವ ಪ್ರಮಾಣಿತ ಮುಕ್ತ ಶಕ್ತಿಯನ್ನೇ, ಅಂದರೆ ಎಲ್ಲ ಅಣುಗಳೂ ಒಂದು ಮೋಲಾರ್ ಸಾಂದ್ರತೆಯಲ್ಲಿವೆ ಎಂದು ಭಾವಿಸಿ ನಿಗದಿಪಡಿಸಿದ ಮೌಲ್ಯವನ್ನೇ, ಕೋಶದೊಳಗಿನ ಮೌಲ್ಯವೆಂದು ತೆಗೆದುಕೊಂಡುಬಿಡುತ್ತಾರೆ. ನಾಲ್ಕನೆಯದಾದ ಆಲ್ಡೋಲೇಸ್ ಕ್ರಿಯೆಯ ಪ್ರಮಾಣಿತ ಮೌಲ್ಯ ಸುಮಾರು +24 ಕಿಲೋಜೌಲ್. ಅದನ್ನು ನೋಡಿ ಈ ಕ್ರಿಯೆ ನಡೆಯುವುದೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಕೋಶದಲ್ಲಿ ಉತ್ಪನ್ನಗಳ ಸಾಂದ್ರತೆ ಬಹಳ ಕಡಿಮೆ ಇರುವುದರಿಂದ ಅದು ಸೊನ್ನೆಗೆ ಹತ್ತಿರ ಬಂದು ಸಲೀಸಾಗಿ ಮುಂದೆ ಸಾಗುತ್ತದೆ.

ಹಂತ 3: ಪ್ರವೇಶದ್ವಾರದಲ್ಲಿ ಎರಡು ಬಗೆಯ ಕಿಣ್ವಗಳನ್ನು ಹೋಲಿಸಿ

ಗ್ಲೂಕೋಸ್ ಕೋಶದೊಳಗೆ ಬಂದೊಡನೆ ಅದಕ್ಕೆ ಫಾಸ್ಫೇಟ್ ಅಂಟಿಸಿ ಗ್ಲೂಕೋಸ್-6-ಫಾಸ್ಫೇಟ್ ಮಾಡುವುದು ಹೆಕ್ಸೋಕೈನೇಸಿನ ಕೆಲಸ. ಸ್ನಾಯು, ಮಿದುಳು ಮುಂತಾದ ಕಡೆ ಇರುವ ಬಗೆಯು ತನ್ನದೇ ಉತ್ಪನ್ನದಿಂದ ತಡೆಯಲ್ಪಡುತ್ತದೆ. ಮುಂದಿನ ಕ್ರಿಯೆಗಳು ನಿಧಾನವಾಗಿ ಗ್ಲೂಕೋಸ್-6-ಫಾಸ್ಫೇಟ್ ಕೂಡಿಕೊಂಡರೆ ಹೆಕ್ಸೋಕೈನೇಸ್ ತಾನೇ ನಿಲ್ಲುತ್ತದೆ. ಕೋಶವು ತನಗೆ ಬೇಕಾದಷ್ಟು ಗ್ಲೂಕೋಸನ್ನು ಮಾತ್ರ ಹಿಡಿದಿಟ್ಟುಕೊಂಡು ಉಳಿದುದನ್ನು ರಕ್ತದಲ್ಲೇ ಬಿಡುತ್ತದೆ.

ಪಿತ್ತಜನಕಾಂಗದಲ್ಲಿ ಮತ್ತು ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಲ್ಲಿ ಗ್ಲೂಕೋಕೈನೇಸ್ ಎಂಬ ಇನ್ನೊಂದು ಬಗೆಯಿದೆ. ಇವೆರಡರ ವ್ಯತ್ಯಾಸವನ್ನು ಮಾತಿನಲ್ಲಿ ಓದುವುದಕ್ಕಿಂತ ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಕಿಣ್ವವು ತನ್ನ ಗರಿಷ್ಠ ವೇಗದ ಅರ್ಧವನ್ನು ಮುಟ್ಟಲು ಬೇಕಾದ ತಲಾಧಾರದ ಸಾಂದ್ರತೆಯನ್ನು ಅರ್ಧವೇಗದ ಸಾಂದ್ರತೆ ಎನ್ನೋಣ. ಹೆಕ್ಸೋಕೈನೇಸಿಗೆ ಇದು ಸುಮಾರು 0.1 ಮಿಲಿಮೋಲಾರ್ ಅಥವಾ ಅದಕ್ಕೂ ಕಡಿಮೆ, ಗ್ಲೂಕೋಕೈನೇಸಿಗೆ ಸುಮಾರು 8. ಊಟಕ್ಕೆ ಮೊದಲಿನ ರಕ್ತದ ಗ್ಲೂಕೋಸ್ 5 ಮಿಲಿಮೋಲಾರ್ ಇದ್ದು, ಊಟದ ನಂತರ ಪಿತ್ತಜನಕಾಂಗಕ್ಕೆ ಬರುವ ರಕ್ತದಲ್ಲಿ 10ಕ್ಕೆ ಏರಿತೆಂದು ಇಟ್ಟುಕೊಳ್ಳಿ. ಕೋಶದೊಳಗೂ ಅಷ್ಟೇ ಸಾಂದ್ರತೆಯಿದೆಯೆಂದುಕೊಂಡರೆ ಹೆಕ್ಸೋಕೈನೇಸಿನ ವೇಗ ಗರಿಷ್ಠದ ಶೇ 98ರಿಂದ ಶೇ 99ಕ್ಕೆ ಏರುತ್ತದೆ, ಅಂದರೆ ಏರಿಕೆಯೇ ಇಲ್ಲವೆನ್ನಬಹುದು. ಗ್ಲೂಕೋಕೈನೇಸಿನ ವೇಗದ ರೇಖೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದರ ವೇಗ ಗರಿಷ್ಠದ ಸುಮಾರು ಶೇ 31ರಿಂದ ಶೇ 59ಕ್ಕೆ ಹೋಗುತ್ತದೆ. ಇವೆರಡರಲ್ಲಿ, ರಕ್ತದಲ್ಲಿ ಗ್ಲೂಕೋಸ್ ಎಷ್ಟಿದೆ ಎಂಬ ಸುದ್ದಿಯನ್ನು ಓದಬಲ್ಲ ಕಿಣ್ವ ಇದೊಂದೇ. ಗ್ಲೂಕೋಸ್-6-ಫಾಸ್ಫೇಟ್ ಇದನ್ನು ತಡೆಯುವುದಿಲ್ಲ ಎಂಬುದೂ ಇಲ್ಲಿ ಹೊಂದಿಕೊಳ್ಳುತ್ತದೆ, ಏಕೆಂದರೆ ಹೆಚ್ಚುವರಿ ಗ್ಲೂಕೋಸನ್ನು ಗ್ಲೈಕೋಜೆನ್ ಆಗಿ ಕೂಡಿಡುವ ಅಂಗವು ತನಗೆ ಸಾಕಾಯಿತೆಂದು ಬಾಗಿಲು ಹಾಕಿಕೊಂಡರೆ ಇಡೀ ದೇಹಕ್ಕೆ ತೊಂದರೆ. ಅದರ ಬದಲು, ಗ್ಲೂಕೋಸ್ ಕಡಿಮೆಯಿರುವಾಗ ಒಂದು ನಿಯಂತ್ರಕ ಪ್ರೋಟೀನು ಗ್ಲೂಕೋಕೈನೇಸನ್ನು ಕೋಶಕೇಂದ್ರದೊಳಗೆ ಹಿಡಿದಿಟ್ಟು, ಗ್ಲೂಕೋಸ್ ಏರಿದಾಗ ಕೋಶದ್ರವಕ್ಕೆ ಬಿಟ್ಟುಕೊಡುತ್ತದೆ. ಈ ಕಿಣ್ವದ ಜೀನಿನಲ್ಲಿ ದೋಷವಿದ್ದವರಿಗೆ ಎಳೆಯ ವಯಸ್ಸಿನಿಂದಲೇ ರಕ್ತದ ಸಕ್ಕರೆ ತುಸು ಎತ್ತರದ ಮಟ್ಟದಲ್ಲಿ ನಿಲ್ಲುವ ಒಂದು ಬಗೆಯ ಮಧುಮೇಹವಿರುತ್ತದೆ. ಅಳೆಯುವ ಸಾಧನವೇ ತಪ್ಪು ಮಟ್ಟಕ್ಕೆ ಹೊಂದಿಕೊಂಡಿರುವುದು ಅದಕ್ಕೆ ಕಾರಣ.

ಎಚ್ಚರಿಕೆ: ಸ್ನಾಯುವಿನ ಹೆಕ್ಸೋಕೈನೇಸಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಬೇಡಿ. ಸ್ನಾಯುಕೋಶದೊಳಗಿನ ಮುಕ್ತ ಗ್ಲೂಕೋಸ್ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ, ಏಕೆಂದರೆ ಅಲ್ಲಿ ಗ್ಲೂಕೋಸ್ ಒಳಬರುವುದೇ ಇನ್ಸುಲಿನ್ನಿಗೆ ಸ್ಪಂದಿಸುವ ಸಾಗಣೆ ಪ್ರೋಟೀನುಗಳ ಮೂಲಕ. ಮೊದಲ ನಿಯಂತ್ರಣ ಕಿಣ್ವಕ್ಕಿಂತಲೂ ಮೊದಲೇ, ಕೋಶಪೊರೆಯಲ್ಲಿಯೇ ನಡೆದಿರಬಹುದು.

ಹಂತ 4: ಫಾಸ್ಫೋಫ್ರಕ್ಟೋಕೈನೇಸ್-1ರ ಬಳಿ ಹೆಚ್ಚು ಹೊತ್ತು ನಿಲ್ಲಿ

ಮೂರನೆಯ ಕ್ರಿಯೆಗೆ ಇಷ್ಟು ಮಹತ್ವವೇಕೆ ಎಂದು ಮೊದಲು ಕೇಳಿಕೊಳ್ಳಿ. ಗ್ಲೂಕೋಸ್-6-ಫಾಸ್ಫೇಟ್‌ಗೆ ಇನ್ನೂ ಹಲವು ದಾರಿಗಳಿವೆ: ಗ್ಲೈಕೋಜೆನ್ ಆಗಬಹುದು, ಪೆಂಟೋಸ್ ಫಾಸ್ಫೇಟ್ ಸರಣಿಗೆ ಹೋಗಿ ರೈಬೋಸ್ ಆಗಬಹುದು. ಫ್ರಕ್ಟೋಸ್-6-ಫಾಸ್ಫೇಟ್‌ಗೆ ಎರಡನೆಯ ಫಾಸ್ಫೇಟ್ ಅಂಟಿ ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್ ಆದ ಮೇಲೆ ಮಾತ್ರ ಅಣು ವಿಘಟನೆಯ ದಾರಿಗೆ ಬದ್ಧವಾಗುತ್ತದೆ. ಬದ್ಧವಾಗುವ ಮುನ್ನ ಕೋಶವು ತಿಳಿಯಬೇಕಾದ ಮೊದಲ ಸುದ್ದಿ, ಶಕ್ತಿ ಸಾಕಷ್ಟಿದೆಯೇ ಎಂಬುದು. ಇದರ ಆಧಾರದ ಮೇಲೆ ನೀವೇ ಊಹಿಸಿ: ಎಟಿಪಿ ತುಂಬಿದ್ದರೆ ಕಿಣ್ವ ನಿಧಾನವಾಗಬೇಕು, ಎಎಂಪಿ ಏರಿದರೆ ಚುರುಕಾಗಬೇಕು. ವಾಸ್ತವವೂ ಹಾಗೆಯೇ ಇದೆ.

ಇಲ್ಲೊಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಎಟಿಪಿ ಈ ಕಿಣ್ವದ ತಲಾಧಾರವೂ ಹೌದು, ತಡೆಯೂ ಹೌದು. ಅದು ಹೇಗೆ ಸಾಧ್ಯ ಎಂದು ಓದುಗರು ಕೇಳುವುದು ಸಹಜ. ಕಿಣ್ವದಲ್ಲಿ ಎಟಿಪಿಗೆ ಎರಡು ತಾಣಗಳಿವೆ. ಸಕ್ರಿಯ ತಾಣವು ಎಟಿಪಿಯನ್ನು ಗಟ್ಟಿಯಾಗಿ ಹಿಡಿಯುವುದರಿಂದ ಕಡಿಮೆ ಸಾಂದ್ರತೆಯಲ್ಲೇ ಅದು ತುಂಬಿಕೊಳ್ಳುತ್ತದೆ. ನಿಯಂತ್ರಣದ ತಾಣ ಸಡಿಲವಾಗಿ ಹಿಡಿಯುವುದರಿಂದ ಎಟಿಪಿ ಹೇರಳವಾಗಿರುವಾಗ ಮಾತ್ರ ತುಂಬುತ್ತದೆ. ಅದು ತುಂಬಿದಾಗ ಕಿಣ್ವಕ್ಕೆ ಫ್ರಕ್ಟೋಸ್-6-ಫಾಸ್ಫೇಟ್‌ನ ಮೇಲಿನ ಹಿಡಿತ ತಗ್ಗುತ್ತದೆ. ಆದ್ದರಿಂದ ಎಟಿಪಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದರೆ ವೇಗ ಮೊದಲು ಏರಿ, ಆಮೇಲೆ ಇಳಿಯುತ್ತದೆ.

ಮುಂದಿನ ಪ್ರಶ್ನೆ ಇನ್ನೂ ಒಳ್ಳೆಯದು. ಶಕ್ತಿಯ ಸುದ್ದಿಯನ್ನು ಎಟಿಪಿಯೇ ಕೊಡಬಹುದಾಗಿರುವಾಗ ಎಎಂಪಿ ಏಕೆ ಬೇಕು? ಕೋಶದಲ್ಲಿ ಅಡೆನೈಲೇಟ್ ಕೈನೇಸ್ ಎಂಬ ಕಿಣ್ವವು ಎರಡು ಎಡಿಪಿಗಳಿಂದ ಒಂದು ಎಟಿಪಿ ಮತ್ತು ಒಂದು ಎಎಂಪಿಯನ್ನು ಮಾಡುತ್ತ ಈ ಮೂರನ್ನೂ ಸಮತೋಲನದ ಹತ್ತಿರ ಇಟ್ಟಿರುತ್ತದೆ. ಕ್ಯಾಲ್ಕುಲೇಟರ್ ತೆಗೆದುಕೊಂಡು ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಎಟಿಪಿ 5.0, ಎಡಿಪಿ 1.0, ಎಎಂಪಿ 0.1 ಮಿಲಿಮೋಲಾರ್ ಇದೆ ಎಂದುಕೊಳ್ಳಿ, ಒಟ್ಟು 6.1. ಎಟಿಪಿಯನ್ನು ಎಎಂಪಿಯಿಂದ ಗುಣಿಸಿ, ಎಡಿಪಿಯ ವರ್ಗದಿಂದ ಭಾಗಿಸಿದರೆ 0.5 ಬರುತ್ತದೆ. ಈಗ ಕೆಲಸ ಹೆಚ್ಚಿ ಎಟಿಪಿ 4.5ಕ್ಕೆ ಇಳಿಯಲಿ. ಒಟ್ಟು ಮೊತ್ತ 6.1 ಆಗಿಯೇ, ಅನುಪಾತ 0.5 ಆಗಿಯೇ ಉಳಿಯಬೇಕಾದರೆ ಎಡಿಪಿ ಸುಮಾರು 1.39, ಎಎಂಪಿ ಸುಮಾರು 0.21 ಆಗಬೇಕು. ಎಟಿಪಿ ಶೇ 10ರಷ್ಟು ಇಳಿದಾಗ ಎಎಂಪಿ ಎರಡು ಪಟ್ಟಾಯಿತು. ಎಟಿಪಿ 4.0ಕ್ಕೆ ಇಳಿದರೆ ಎಎಂಪಿ 0.37, ಅಂದರೆ ಸುಮಾರು ನಾಲ್ಕು ಪಟ್ಟು. ಎಟಿಪಿಯ ಸಣ್ಣ ಕುಸಿತವನ್ನು ಎಎಂಪಿ ಎಷ್ಟು ದೊಡ್ಡ ದನಿಯಲ್ಲಿ ಹೇಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿಯಂತ್ರಣದ ಅಧ್ಯಾಯದಲ್ಲಿ ಒಂದೇ ಒಂದು ಲೆಕ್ಕ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಕೋಶವು ಕೇಳಬೇಕಾದ ಎರಡನೆಯ ಪ್ರಶ್ನೆ, ಮುಂದಿನ ಹಂತಗಳಿಗೆ ಕಚ್ಚಾವಸ್ತು ಸಾಕಷ್ಟಿದೆಯೇ ಎಂಬುದು. ಮೈಟೋಕಾಂಡ್ರಿಯದ ಸಿಟ್ರಿಕ್ ಆಮ್ಲ ಚಕ್ರದಲ್ಲಿ ಹುಟ್ಟುವ ಸಿಟ್ರೇಟ್ ಹೆಚ್ಚಾಗಿ ಕೋಶದ್ರವಕ್ಕೆ ಬಂದರೆ, ಅದು ಎಟಿಪಿಯ ತಡೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಕೊಬ್ಬನ್ನು ಉರಿಸಿಕೊಂಡು ಹೃದಯವು ಕೆಲಸ ಮಾಡುತ್ತಿರುವಾಗ ಗ್ಲೂಕೋಸ್ ಉಳಿಯುವುದಕ್ಕೆ ಇದೂ ಒಂದು ಕಾರಣ. ಮೂರನೆಯದು ಆಮ್ಲತೆ: ಹೈಡ್ರೋಜನ್ ಅಯಾನುಗಳು ಹೆಚ್ಚಿದಾಗ ಈ ಕಿಣ್ವ ನಿಧಾನವಾಗುವುದರಿಂದ ಸ್ನಾಯು ತನ್ನದೇ ಆಮ್ಲದಲ್ಲಿ ಹಾಳಾಗುವುದು ತಪ್ಪುತ್ತದೆ.

ಹಂತ 5: ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್ ಮತ್ತು ಹಿಂದಿರುಗುವ ದಾರಿ

ಈವರೆಗಿನ ಸುದ್ದಿಗಳೆಲ್ಲ ಕೋಶದ ಒಳಗಿನವು. ಪಿತ್ತಜನಕಾಂಗ ತನ್ನ ಅಗತ್ಯವನ್ನಷ್ಟೇ ನೋಡಿಕೊಂಡರೆ ಸಾಲದು. ಇಡೀ ದೇಹಕ್ಕೆ ಗ್ಲೂಕೋಸ್ ಒದಗಿಸುವ ಹೊಣೆ ಅದರದು. ಹೊರಗಿನ ಸುದ್ದಿಯನ್ನು ಇನ್ಸುಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳು ತರುತ್ತವೆ, ಆದರೆ ಅವು ಕೋಶದೊಳಗೆ ಬರುವುದಿಲ್ಲ. ಆ ಸುದ್ದಿ ಫಾಸ್ಫೋಫ್ರಕ್ಟೋಕೈನೇಸ್-1ಕ್ಕೆ ತಲುಪುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1980ರಲ್ಲಿ, ಬೆಲ್ಜಿಯಂನಲ್ಲಿ ಹರ್ಸ್ ಮತ್ತು ವಾನ್ ಶಾಫ್ಟಿಂಗೆನ್ ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟನ್ನು ಕಂಡುಹಿಡಿದಾಗ. ಕೆಲವೇ ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಇದು ಕಿಣ್ವಕ್ಕೆ ಅಂಟಿ, ಎಟಿಪಿಯ ತಡೆಯನ್ನು ಸಡಿಲಿಸಿ, ಫ್ರಕ್ಟೋಸ್-6-ಫಾಸ್ಫೇಟ್‌ನ ಮೇಲಿನ ಹಿಡಿತವನ್ನು ಬಿಗಿಗೊಳಿಸುತ್ತದೆ. ಪಿತ್ತಜನಕಾಂಗದಲ್ಲಿ ಇದಿಲ್ಲದಿದ್ದರೆ ಫಾಸ್ಫೋಫ್ರಕ್ಟೋಕೈನೇಸ್-1 ಬಹುತೇಕ ಸುಮ್ಮನೆ ಕೂತಿರುತ್ತದೆ.

ಹೆಸರಿನ ಸಾಮ್ಯದಿಂದ ಆಗುವ ತಪ್ಪಿನ ಬಗ್ಗೆ ಇಲ್ಲಿ ಎಚ್ಚರ ಬೇಕು. 1,6 ಎಂಬುದು ಸರಣಿಯ ಮಧ್ಯದ ಅಣು, ಅದು ಒಡೆದು ಮುಂದೆ ಸಾಗುತ್ತದೆ. 2,6 ಸರಣಿಯಲ್ಲಿ ಎಲ್ಲಿಯೂ ಸಾಗುವುದಿಲ್ಲ. ಅದರ ಕೆಲಸ ಸುದ್ದಿ ಹೇಳುವುದು ಮಾತ್ರ. ನಕ್ಷೆಯಲ್ಲಿ ಅದನ್ನು ಸರಣಿಯ ಪಕ್ಕದಲ್ಲಿ, ಬೇರೆ ಚೌಕದೊಳಗೆ ಬರೆಯಿರಿ.

ಈ ಅಣುವನ್ನು ಮಾಡುವುದೂ ಒಡೆಯುವುದೂ ಒಂದೇ ಪ್ರೋಟೀನಿನ ಎರಡು ಭಾಗಗಳು. ಒಂದು ಭಾಗ ಫಾಸ್ಫೋಫ್ರಕ್ಟೋಕೈನೇಸ್-2, ಅದು ಕಟ್ಟುತ್ತದೆ. ಇನ್ನೊಂದು ಭಾಗ ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್-2, ಅದು ಕೆಡವುತ್ತದೆ. ಉಪವಾಸದಲ್ಲಿ ಗ್ಲುಕಗಾನ್ ಏರಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಹೆಚ್ಚಿ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಎಚ್ಚೆತ್ತು, ಈ ಜೋಡಿ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಪಿತ್ತಜನಕಾಂಗದಲ್ಲಿ ಆ ಫಾಸ್ಫೇಟ್ ಕಟ್ಟುವ ಭಾಗವನ್ನು ತಗ್ಗಿಸಿ ಕೆಡವುವ ಭಾಗವನ್ನು ಏರಿಸುತ್ತದೆ. 2,6 ಕುಸಿಯುತ್ತದೆ, ಗ್ಲೈಕಾಲಿಸಿಸ್ ನಿಧಾನವಾಗುತ್ತದೆ. ಊಟದ ನಂತರ ಇನ್ಸುಲಿನ್ನಿನ ಪ್ರಭಾವದಲ್ಲಿ ಆ ಫಾಸ್ಫೇಟ್ ಕಳಚಿ ಎಲ್ಲವೂ ತಿರುವುಮುರುವಾಗುತ್ತದೆ. ಸೈಕ್ಲಿಕ್ ಎಎಂಪಿಯನ್ನೂ ಹಂತ 4ರ ಎಎಂಪಿಯನ್ನೂ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ಹಾರ್ಮೋನಿನ ಸಂದೇಶವಾಹಕ, ಎರಡನೆಯದು ಶಕ್ತಿಯ ಕೊರತೆಯ ಸೂಚಕ.

ಇದೇ ಜಾಗದಲ್ಲಿ ಹಿಂದಿರುಗುವ ದಾರಿಯನ್ನೂ ಎಳೆಯಿರಿ. ಪಿತ್ತಜನಕಾಂಗವು ಗ್ಲೂಕೋಸನ್ನು ಹೊಸದಾಗಿ ತಯಾರಿಸುವಾಗ ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್-1 ಎಂಬ ಇನ್ನೊಂದು ಕಿಣ್ವ 1,6ರಿಂದ ಫಾಸ್ಫೇಟನ್ನು ಕಿತ್ತು ಹಿಂದಕ್ಕೆ ಕಳುಹಿಸುತ್ತದೆ. ಎರಡೂ ಒಟ್ಟಿಗೆ ಪೂರ್ಣ ವೇಗದಲ್ಲಿ ನಡೆದರೆ ಎಟಿಪಿ ವ್ಯರ್ಥವಾಗಿ ಸೋರುವುದಲ್ಲದೆ ಬೇರೇನೂ ಆಗದು. ಆದ್ದರಿಂದ ಒಂದನ್ನು ಚುರುಕುಗೊಳಿಸುವ ಅಣು ಇನ್ನೊಂದನ್ನು ತಡೆಯಲೇಬೇಕು ಎಂದು ನೀವು ಊಹಿಸಿದರೆ ಅದು ಸರಿ: 2,6 ಮತ್ತು ಎಎಂಪಿ ಎರಡೂ ಫಾಸ್ಫೋಫ್ರಕ್ಟೋಕೈನೇಸ್-1ನ್ನು ಉತ್ತೇಜಿಸುತ್ತವೆ, ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್-1ನ್ನು ತಡೆಯುತ್ತವೆ. ಈ ಊಹೆಯ ವಿಧಾನ ಎಷ್ಟು ದೂರ ಕೈಹಿಡಿದು ನಡೆಸುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಜಾಗ ಸರಣಿಯಲ್ಲಿ ಇನ್ನೊಂದಿಲ್ಲ.

ಹಂತ 6: ಪೈರುವೇಟ್ ಕೈನೇಸ್

ಕೊನೆಯ ದಪ್ಪ ಬಾಣದ ನಿಯಂತ್ರಣವನ್ನು ಬೇಗ ಮುಗಿಸಬಹುದು. ಎಟಿಪಿ ಇದನ್ನು ತಡೆಯುತ್ತದೆ. ಪೈರುವೇಟಿನಿಂದ ಒಂದೇ ಹೆಜ್ಜೆಯಲ್ಲಿ ತಯಾರಾಗುವ ಅಲನಿನ್ ಎಂಬ ಅಮೈನೋ ಆಮ್ಲವೂ ತಡೆಯುತ್ತದೆ. ಅದು ಹೆಚ್ಚಿದೆಯೆಂದರೆ ಪೈರುವೇಟಿಗೆ ಕೊರತೆಯಿಲ್ಲ ಎಂದರ್ಥ. ಮೇಲಿನಿಂದ ಬರುವ ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್ ಪಿತ್ತಜನಕಾಂಗದ ಬಗೆಯನ್ನು ಉತ್ತೇಜಿಸುತ್ತದೆ. ಮುಂದಿನ ಅಣು ಹಿಂದಿನ ಕಿಣ್ವವನ್ನು ತಡೆಯುವುದು ಹಿಮ್ಮುಖ ನಿಯಂತ್ರಣವಾದರೆ, ಹಿಂದಿನ ಅಣು ಮುಂದಿನ ಕಿಣ್ವವನ್ನು ಸಜ್ಜುಗೊಳಿಸುವ ಇದು ಮುಮ್ಮುಖ ನಿಯಂತ್ರಣ. ಮೂರನೆಯ ಕ್ರಿಯೆ ಚುರುಕಾದಾಗ ಹತ್ತನೆಯದೂ ತಾನಾಗಿ ಚುರುಕಾಗಿ, ನಡುವಿನ ಅಣುಗಳು ಗುಡ್ಡೆ ಬೀಳುವುದು ತಪ್ಪುತ್ತದೆ.

ಪಿತ್ತಜನಕಾಂಗದ ಪೈರುವೇಟ್ ಕೈನೇಸಿಗೆ ಪ್ರೋಟೀನ್ ಕೈನೇಸ್ ಎ ಫಾಸ್ಫೇಟ್ ಅಂಟಿಸಿದರೆ ಅದು ಮಂಕಾಗುತ್ತದೆ. ಸ್ನಾಯುವಿನ ಬಗೆಗೆ ಈ ನಿಯಂತ್ರಣವಿಲ್ಲ. ಉಪವಾಸದಲ್ಲಿ ಪಿತ್ತಜನಕಾಂಗ ಗ್ಲೂಕೋಸನ್ನು ಉಳಿಸಬೇಕು, ಅದೇ ಹೊತ್ತಿನಲ್ಲಿ ಓಡುತ್ತಿರುವ ಸ್ನಾಯು ಅದನ್ನು ಒಡೆಯಬೇಕು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಮರೆಯುವುದಿಲ್ಲ. ಹಾಗಾಗಿ ನಕ್ಷೆಯ ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಅದು ಯಾವ ಅಂಗದ್ದು ಎಂದು ಬರೆಯುವುದನ್ನು ರೂಢಿಸಿಕೊಳ್ಳಿ.

ಫಾಸ್ಫೇಟ್ ಅಂಟಿದರೆ ಕಿಣ್ವ ನಿಲ್ಲುತ್ತದೆ ಎಂಬ ನಿಯಮವನ್ನು ಮಾತ್ರ ಮಾಡಿಕೊಳ್ಳಬೇಡಿ. ಫಿಷರ್ ಮತ್ತು ಕ್ರೆಬ್ಸ್ 1950ರ ದಶಕದಲ್ಲಿ ಗ್ಲೈಕೋಜೆನನ್ನು ಒಡೆಯುವ ಸ್ನಾಯುವಿನ ಗ್ಲೈಕೋಜೆನ್ ಫಾಸ್ಫೊರಿಲೇಸಿನಲ್ಲಿ ಈ ಬಗೆಯ ನಿಯಂತ್ರಣವನ್ನು ತೋರಿಸಿ 1992ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆ ಕಿಣ್ವ ಫಾಸ್ಫೇಟ್ ಅಂಟಿದಾಗ ಚುರುಕಾಗುತ್ತದೆ. ಹಂತ 5ರ ಜೋಡಿ ಪ್ರೋಟೀನಿನ ಹೃದಯದ ಬಗೆಯಲ್ಲಿಯೂ ಫಾಸ್ಫೇಟಿನ ಪರಿಣಾಮ ಪಿತ್ತಜನಕಾಂಗದ್ದಕ್ಕೆ ವಿರುದ್ಧ.

ಹಂತ 7: ಪೈರುವೇಟಿನ ಆಚೆಗೂ ಕಣ್ಣು ಹಾಯಿಸಿ

ಆರನೆಯ ಕ್ರಿಯೆಗೆ ಆ ವಾಹಕದ ಖಾಲಿ ರೂಪವಾದ ಎನ್‌ಎಡಿ ಬೇಕು, ಕೋಶದಲ್ಲಿ ಅದು ಮಿತ ಪ್ರಮಾಣದಲ್ಲಷ್ಟೇ ಇದೆ. ಎನ್‌ಎಡಿಎಚ್ ಆದುದನ್ನು ಮತ್ತೆ ಎನ್‌ಎಡಿ ಮಾಡದಿದ್ದರೆ, ಮೇಲಿನ ಮೂರು ಕಿಣ್ವಗಳು ಎಷ್ಟು ಉತ್ತೇಜಿತವಾಗಿದ್ದರೂ ಸರಣಿ ನಿಂತುಬಿಡುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಮೈಟೋಕಾಂಡ್ರಿಯ ಆ ಕೆಲಸವನ್ನು ಮಾಡಿಕೊಡುತ್ತದೆ. ಸಾಲದಾದಾಗ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಪೈರುವೇಟನ್ನು ಲ್ಯಾಕ್ಟೇಟ್ ಮಾಡುತ್ತದೆ, ಯೀಸ್ಟ್ ಎಥನಾಲ್ ಮಾಡುತ್ತದೆ. ಯೀಸ್ಟಿಗೆ ಆಮ್ಲಜನಕ ಕೊಟ್ಟರೆ ಅದು ಸಕ್ಕರೆ ಬಳಸುವುದು ಕಡಿಮೆಯಾಗುತ್ತದೆ ಎಂಬುದನ್ನು ಪಾಶ್ಚರ್ 1861ರಲ್ಲಿಯೇ ಗಮನಿಸಿದ್ದರು. ಆಮ್ಲಜನಕವಿದ್ದಾಗ ಒಂದೊಂದು ಗ್ಲೂಕೋಸಿನಿಂದ ಹಲವು ಪಟ್ಟು ಎಟಿಪಿ ಸಿಗುವುದರಿಂದ ಹಂತ 4ರ ತಡೆಗಳು ಕೆಲಸಕ್ಕೆ ಬರುತ್ತವೆ ಎಂಬುದು ಅದಕ್ಕೆ ಇಂದಿನ ವಿವರಣೆಯ ಮುಖ್ಯ ಭಾಗ.

ಪೈರುವೇಟನ್ನು ಸಿಟ್ರಿಕ್ ಆಮ್ಲ ಚಕ್ರಕ್ಕೆ ಪ್ರವೇಶಿಸುವ ಅಣುವಾದ ಅಸಿಟೈಲ್ ಕೋಎ ಮಾಡುವ ಪೈರುವೇಟ್ ಡಿಹೈಡ್ರೋಜಿನೇಸ್ ಸಂಕೀರ್ಣವನ್ನು ನಕ್ಷೆಯ ಕೆಳಗೆ ಸೇರಿಸಿ, ಅದನ್ನೂ ದಪ್ಪ ಬಾಣದಲ್ಲಿ ಬರೆಯಿರಿ. ಪ್ರಾಣಿಗಳು ಅಸಿಟೈಲ್ ಕೋಎಯಿಂದ ಮತ್ತೆ ಗ್ಲೂಕೋಸ್ ಮಾಡಲಾರವಾದ್ದರಿಂದ ಇದು ಮರಳಿ ಬಾರದ ಹೆಜ್ಜೆ. ಇದರ ಮೇಲಿನ ಕಾವಲು ಬಿಗಿಯಾಗಿರುತ್ತದೆಂದು ನೀವು ನಿರೀಕ್ಷಿಸಬೇಕು, ಹಾಗೆಯೇ ಇದೆ ಕೂಡ: ಅಸಿಟೈಲ್ ಕೋಎ ಮತ್ತು ಎನ್‌ಎಡಿಎಚ್ ಹೆಚ್ಚಿದಾಗ ಒಂದು ಕೈನೇಸ್ ಅದಕ್ಕೆ ಫಾಸ್ಫೇಟ್ ಅಂಟಿಸಿ ನಿಲ್ಲಿಸುತ್ತದೆ; ಪೈರುವೇಟ್ ಮತ್ತು ಎಡಿಪಿ ಆ ಕೈನೇಸನ್ನು ತಡೆಯುತ್ತವೆ; ಸ್ನಾಯು ಸಂಕುಚಿಸುವಾಗ ಏರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವವನ್ನು ಉತ್ತೇಜಿಸುತ್ತದೆ.

ಹಂತ 8: ಪ್ರತಿ ನಿಯಂತ್ರಣದ ಪಕ್ಕದಲ್ಲಿ ಅದರ ಕಾಲಮಾನ ಬರೆಯಿರಿ

ಅಲೋಸ್ಟೀರಿಕ್ ನಿಯಂತ್ರಣ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ, ಫಾಸ್ಫೇಟ್ ಅಂಟಿಸುವುದು ಕೆಲವು ಸೆಕೆಂಡುಗಳಿಂದ ನಿಮಿಷಗಳಲ್ಲಿ, ಕಿಣ್ವದ ಪ್ರಮಾಣವನ್ನೇ ಬದಲಿಸುವುದು ಗಂಟೆಗಳಿಂದ ದಿನಗಳಲ್ಲಿ ಫಲ ಕೊಡುತ್ತದೆ. ಇನ್ಸುಲಿನ್ ಪಿತ್ತಜನಕಾಂಗದಲ್ಲಿ ಗ್ಲೂಕೋಕೈನೇಸಿನ ಜೀನನ್ನು ಚುರುಕುಗೊಳಿಸುವುದು ಈ ಮೂರನೆಯ ಬಗೆಗೆ ಸೇರಿದ್ದು. ಓಟದ ಮೊದಲ ಕ್ಷಣಗಳನ್ನು ವಿವರಿಸುವಾಗ ಜೀನಿನ ಮಾತು ತರುವುದು, ವಾರಗಟ್ಟಲೆಯ ಆಹಾರ ಬದಲಾವಣೆಯನ್ನು ವಿವರಿಸುವಾಗ ಎಎಂಪಿಯ ಮಾತು ಮಾತ್ರ ಆಡುವುದು, ಎರಡೂ ತಪ್ಪು.

ಹಂತ 9: ಸರಣಿಗೆ ಒಬ್ಬನೇ ಒಡೆಯ ಎಂಬ ಭಾವನೆಯನ್ನು ಪರೀಕ್ಷಿಸಿ

ಯಾವ ಕಿಣ್ವ ಹರಿವನ್ನು ನಿರ್ಧರಿಸುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಗಳಲ್ಲಿ ಫಾಸ್ಫೋಫ್ರಕ್ಟೋಕೈನೇಸ್-1 ಎಂದು ಬರೆದರೆ ಅಂಕ ಸಿಗಬಹುದು, ಆದರೆ ಆ ಉತ್ತರ ಅಪೂರ್ಣ ಎಂಬುದು ನನ್ನ ದೃಢ ಅಭಿಪ್ರಾಯ. ಯೀಸ್ಟಿನಲ್ಲಿ ಈ ಕಿಣ್ವದ ಪ್ರಮಾಣವನ್ನು ಹಲವು ಪಟ್ಟು ಹೆಚ್ಚಿಸಿ ನೋಡಿದಾಗ ಎಥನಾಲಿನ ಉತ್ಪಾದನೆ ಗಮನಾರ್ಹವಾಗಿ ಏರಲಿಲ್ಲ. ಕ್ಯಾಕ್ಸರ್ ಮತ್ತು ಬರ್ನ್ಸ್ 1973ರಲ್ಲಿಯೇ ಇಂಥ ಫಲಿತಾಂಶಗಳನ್ನು ವಿವರಿಸಬಲ್ಲ ಗಣಿತದ ಚೌಕಟ್ಟು ಒದಗಿಸಿದ್ದರು; ಹೈನ್ರಿಚ್ ಮತ್ತು ರಾಪೊಪೋರ್ಟ್ ಸ್ವತಂತ್ರವಾಗಿ ಅದೇ ಹೊತ್ತಿನಲ್ಲಿ ಅಂಥದೇ ನಿಲುವಿಗೆ ಬಂದರು. ಒಂದು ಕಿಣ್ವವನ್ನು ಶೇ 1ರಷ್ಟು ಹೆಚ್ಚಿಸಿದಾಗ ಹರಿವು ಶೇಕಡಾ ಎಷ್ಟು ಏರುತ್ತದೆಯೋ ಅದು ಆ ಕಿಣ್ವದ ನಿಯಂತ್ರಣ ಪಾಲು. ಸರಣಿಯ ಎಲ್ಲ ಕಿಣ್ವಗಳ ಪಾಲುಗಳನ್ನು ಕೂಡಿಸಿದರೆ ಒಂದು ಬರುತ್ತದೆ, ಮತ್ತು ಸಾಮಾನ್ಯವಾಗಿ ಆ ಒಂದು ಹಲವರ ನಡುವೆ ಹಂಚಿಹೋಗಿರುತ್ತದೆ: ಪೊರೆಯ ಸಾಗಣೆ, ಹೆಕ್ಸೋಕೈನೇಸ್, ಫಾಸ್ಫೋಫ್ರಕ್ಟೋಕೈನೇಸ್, ಕೊನೆಗೆ ಎಟಿಪಿಯನ್ನು ಖರ್ಚು ಮಾಡುವ ಕೆಲಸಗಳು ಕೂಡ.

ಹಾಗಾದರೆ ಹಂತ 4ರ ಶ್ರಮ ವ್ಯರ್ಥವೇ? ಇಲ್ಲ. ಒಂದು ಕಿಣ್ವ ಸುದ್ದಿಗೆ ಸ್ಪಂದಿಸುವುದು ಬೇರೆ, ಅದರ ಪ್ರಮಾಣ ಹರಿವನ್ನು ನಿರ್ಧರಿಸುವುದು ಬೇರೆ. ಫಾಸ್ಫೋಫ್ರಕ್ಟೋಕೈನೇಸ್-1 ಬಹಳ ಚೆನ್ನಾಗಿ ಸ್ಪಂದಿಸುವ ಕಿಣ್ವ. ಅದರಿಂದಾಗಿಯೇ, ಅದರ ಪ್ರಮಾಣವನ್ನು ಹೆಚ್ಚಿಸಿದಾಗ ಅಲೋಸ್ಟೀರಿಕ್ ತಡೆಗಳು ಅದನ್ನು ಮತ್ತೆ ತಗ್ಗಿಸಿ ಹರಿವನ್ನು ಮೊದಲಿದ್ದಲ್ಲಿಗೆ ತರುತ್ತವೆ.

ಸ್ಪಂದಿಸಿದ ಜಾಗವನ್ನು ಪ್ರಯೋಗದಿಂದ ಗುರುತಿಸುವ ಸರಳ ವಿಧಾನವೂ ಒಂದಿದೆ. ಹರಿವು ಏರುವ ಮೊದಲು ಮತ್ತು ನಂತರ ಸರಣಿಯ ಅಣುಗಳ ಸಾಂದ್ರತೆಯನ್ನು ಅಳೆಯಿರಿ. ಯಾವ ಕಿಣ್ವದ ತಲಾಧಾರ ಇಳಿದು ಉತ್ಪನ್ನ ಏರಿದೆಯೋ ಅಲ್ಲಿ ಬಾಗಿಲು ತೆರೆದಿದೆ ಎಂದರ್ಥ. ಹೃದಯಕ್ಕೆ ಆಮ್ಲಜನಕ ತಪ್ಪಿಸಿದಾಗ ಫ್ರಕ್ಟೋಸ್-6-ಫಾಸ್ಫೇಟ್ ಇಳಿಯುತ್ತದೆ, ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್ ಏರುತ್ತದೆ. ಹರಿವು ಹೆಚ್ಚಿದಾಗ ತಲಾಧಾರವೂ ಹೆಚ್ಚಲೇಬೇಕು ಎಂದು ಊಹಿಸುವವರು ಈ ಫಲಿತಾಂಶವನ್ನು ತಲೆಕೆಳಗಾಗಿ ಓದುತ್ತಾರೆ.

ಕೊನೆಯ ಹಂತ: ಎರಡು ಪ್ರಶ್ನೆಗಳಿಂದ ನಕ್ಷೆಯನ್ನು ಪರೀಕ್ಷಿಸಿಕೊಳ್ಳಿ

ಪುಸ್ತಕ ಮುಚ್ಚಿ, ನಿಮ್ಮ ಹಾಳೆಯನ್ನು ಮಾತ್ರ ನೋಡಿ ಉತ್ತರಿಸಿ. ಮೊದಲನೆಯದು: ರಾತ್ರಿಯಿಡೀ ಉಪವಾಸವಿದ್ದವರ ಪಿತ್ತಜನಕಾಂಗದಲ್ಲಿ ಯಾವ ಯಾವ ಜಾಗಗಳು ಬದಲಾಗಿರುತ್ತವೆ? ಗ್ಲೂಕೋಕೈನೇಸ್ ಕೋಶಕೇಂದ್ರದಲ್ಲಿ ಬಂಧಿಯಾಗಿರುವುದು, 2,6 ಕುಸಿದಿರುವುದು, ಅದರಿಂದ ಫಾಸ್ಫೋಫ್ರಕ್ಟೋಕೈನೇಸ್-1 ಮಂಕಾಗಿ ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್-1 ಬಿಡುಗಡೆಯಾಗಿರುವುದು, ಪೈರುವೇಟ್ ಕೈನೇಸಿಗೆ ಫಾಸ್ಫೇಟ್ ಅಂಟಿರುವುದು, ಇವು ನಾಲ್ಕೂ ನಿಮ್ಮ ಉತ್ತರದಲ್ಲಿರಬೇಕು.

ಎರಡನೆಯದು ತುಸು ಕಠಿಣ. ಗ್ಲೂಕೋಸ್ ಅಳೆಯಲು ತೆಗೆದ ರಕ್ತವನ್ನು ಸೋಡಿಯಂ ಫ್ಲೋರೈಡ್ ಇರುವ ನಳಿಕೆಯಲ್ಲಿ ಇಡುತ್ತಾರೆ. ಫ್ಲೋರೈಡ್ ಒಂಬತ್ತನೆಯ ಕ್ರಿಯೆಯ ಇನೋಲೇಸನ್ನು ತಡೆಯುತ್ತದೆ. ಆದರೂ ಮೊದಲ ಒಂದೆರಡು ಗಂಟೆ ಆ ರಕ್ತದಲ್ಲಿ ಗ್ಲೂಕೋಸ್ ಇಳಿಯುತ್ತಲೇ ಇರುತ್ತದೆ, ಏಕೆ? ಇನೋಲೇಸ್ ಸರಣಿಗೆ ಅನಿವಾರ್ಯ, ಆದರೆ ಪ್ರವೇಶದ್ವಾರ ಅದರ ಕೈಯಲ್ಲಿಲ್ಲ. ಕಣದಲ್ಲಿ ಎಟಿಪಿ ಉಳಿದಿರುವವರೆಗೂ ಹೆಕ್ಸೋಕೈನೇಸ್ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುತ್ತಲೇ ಹೋಗುತ್ತದೆ, ಅದು ನಿಲ್ಲುವುದು ಎಟಿಪಿ ಬರಿದಾದ ಮೇಲೆ. ನಳಿಕೆಯಲ್ಲಿ ಸಿಟ್ರೇಟ್ ಬಫರನ್ನೂ ಸೇರಿಸಿ ರಕ್ತವನ್ನು ಆಮ್ಲೀಯಗೊಳಿಸಿದರೆ ಇಳಿಕೆ ಬಹುತೇಕ ತಕ್ಷಣವೇ ನಿಲ್ಲುತ್ತದೆ, ಏಕೆಂದರೆ ಆಮ್ಲತೆ ತಡೆಯುವುದು ಹೆಕ್ಸೋಕೈನೇಸ್ ಮತ್ತು ಫಾಸ್ಫೋಫ್ರಕ್ಟೋಕೈನೇಸನ್ನು, ಅಂದರೆ ನೀವು ದಪ್ಪ ಬಾಣದಿಂದ ಗುರುತಿಸಿದ ಮೊದಲ ಎರಡು ಜಾಗಗಳನ್ನು.